ಮಣೆ ಏರಿದ ಪುಸ್ತಕ

ಬೆಳಂಬಾರದ ಹರಿಶ್ಚಂದ್ರನ ಮನೆಯಲ್ಲಿ ಪುಸ್ತಕ ಎಂದರೆ ದೇವರು. ಇದು ಹೊಗಳಿಕೆಗೆ ಹೇಳಿದ ಮಾತಲ್ಲ. ಆ ಮೀನುಗಾರರ ಮನೆಗೆ ಅಜ್ಜನ ಕಾಲದಿಂದ ಹೊಕ್ಕದ್ದು ಒಂದೇ ಒಂದು ಪುಸ್ತಕ, ಶ್ರಾವಣದಲ್ಲಿ ಓದುವ ಪೋಥಿ. ಮಳೆಗಾಲದಲ್ಲಿ ದೋಣಿಗಳೆಲ್ಲ ದಂಡೆ ಹತ್ತಿ ತೆಂಗಿನ ಮಡಲಿನ ಹೊದಿಕೆಯಡಿ ಇರುತ್ತವೆ, ಗಂಡಸರು ಬಲೆ ಸರಿಪಡಿಸುತ್ತ ಜಗಲಿಯ ಮೇಲೆ ಕೂತಿರುತ್ತಾರೆ. ಆಗ ಶ್ರಾವಣ ಹುಟ್ಟಿದಂದಿನಿಂದ ನೂಲಹುಣ್ಣಿಮೆಯ ತನಕ ದಿನಾ ಮಧ್ಯಾಹ್ನ ಪೋಥಿ ಓದಬೇಕು. ಕೆಂಪು ಬಟ್ಟೆ ಸುತ್ತಿದ ಪೋಥಿಯನ್ನು ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಏರಿಸಿ, ಮುಂದೆ ಒಂದು ಕಾಯಿ ಒಡೆದರೆ ಆಯಿತು. ಕೊನೆಯ ಸಾಲು ಓದುವ ತನಕ ನಿಲ್ಲಿಸುವಂತಿಲ್ಲ, ಅಷ್ಟು ದಿನವೂ ಮೀನು ಹೊಸ್ತಿಲು ದಾಟುವಂತಿಲ್ಲ. ಹುಣ್ಣಿಮೆಗೆ ಸಮಾಪ್ತಿ ಮಾಡಿ, ಸಮುದ್ರಕ್ಕೆ ಕಾಯಿ ಕೊಟ್ಟು, ಆಮೇಲೆ ದೋಣಿ ನೀರಿಗೆ.

ಪ್ರತಿ ವರ್ಷ ಓದುತ್ತಿದ್ದವನು ಹರಿಶ್ಚಂದ್ರನ ತಮ್ಮ ದೇವಿದಾಸ. ಕಾರವಾರದ ಬಂದರಿನಲ್ಲಿ ಲಾಂಚಿನ ಮೇಲೆ ಅವನ ಕೆಲಸ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ, ಅದಕ್ಕೇ ಊರೆಲ್ಲ ಅವನನ್ನು ಪಂಡಿತ ಎನ್ನುತ್ತಿತ್ತು. ಉಪ್ಪಿನ ಸತ್ಯಾಗ್ರಹದ ಗದ್ದಲ ಮುಗಿದು ಆರೇಳು ವರ್ಷವಾಗಿದ್ದ ಆ ಮಳೆಗಾಲದಲ್ಲಿ ಎರಡು ಎಡವಟ್ಟು ಒಟ್ಟಿಗೇ ಆದವು. ದೇವಿದಾಸನಿಗೆ ರಜೆ ಸಿಗಲಿಲ್ಲ. ಪೋಥಿಯ ಪೆಟ್ಟಿಗೆ ತೆಗೆದರೆ ಒಳಗೆ ಪೋಥಿಯೇ ಇರಲಿಲ್ಲ, ಬರೀ ಗೆದ್ದಲಿನ ಮಣ್ಣು.

ಹೊಳೆಯ ಬಾಯಿಗೆ ತೀಸ್ರೆ ಚಿಪ್ಪುಮೀನು ಹೆಕ್ಕಲು ಚಂಪಾ ಅಂದು ಹೋಗಿದ್ದಳು. ಚಂಪಾ ಎಂದರೆ ಹರಿಶ್ಚಂದ್ರನ ಒಬ್ಬನೇ ಮಗ ಮಂಗೇಶನ ಹೆಂಡತಿ, ಕಾರವಾರದ ಕೋಡಿಬಾಗದ ಹುಡುಗಿ. ಮದುವೆಯಾಗಿ ಐದನೆಯ ಮಳೆಗಾಲ, ಮಡಿಲಲ್ಲಿ ಮಗುವಿಲ್ಲ. ನಾಲ್ಕನೇ ಇಯತ್ತೆ ಪಾಸಾಗಿದ್ದಳು. ಒದ್ದೆ ಸೀರೆ ಹಿಂಡಿಕೊಳ್ಳುತ್ತ ಒಳಗೆ ಬಂದವಳು ನಡುಮನೆಯಲ್ಲಿ ನಿಂತೇಬಿಟ್ಟಳು. ಮಣೆಯ ಮೇಲೆ ಕೆಂಪು ಬಟ್ಟೆಯ ಪುಸ್ತಕ, ಅದರ ಮೇಲೆ ದಾಸವಾಳ, ಎದುರಿಗೆ ಹೋಳಾದ ತೆಂಗಿನಕಾಯಿ. ಪುಸ್ತಕ ಅವಳದು!

"ಎಂತ ಕಣ್ಣು ಬಿಡ್ತಿಯೇ?" ಎಂದಳು ಅತ್ತೆ ಕಾಶಿ, ಕೈಯ ಕುಂಕುಮ ಒರೆಸಿಕೊಳ್ಳುತ್ತ. "ಪೆಟ್ಟಿಗೆಯಲ್ಲಿ ಪೋಥಿ ಇಟ್ಕೊಂಡು ಒಂದು ಮಾತು ಹೇಳೂದಿಲ್ವಾ? ನಾನು ಹಳೇ ಸೀರೆ ಹುಡುಕುಕೆ ಹೋದೆ, ದೇವರೇ ಕೈಗೆ ಸಿಕ್ಕ."

ಅದು ಪೋಥಿಯಲ್ಲ, ಕಾದಂಬರಿ. ಹೆಂಗಸಿನ ಕುರಿತು ಒಬ್ಬ ಹೆಂಗಸೇ ಬರೆದದ್ದು. ಶಾಲೆ ಬಿಡುವ ದಿನ ಕಲಿಸುವ ಬಾಯಿಯವರು ಬೆನ್ನು ತಟ್ಟಿ ಕೊಟ್ಟದ್ದು. ಬರೀ ಪುಸ್ತಕವಾದರೆ ಒಲೆ ಹೊತ್ತಿಸಲು ಹೋಗುತ್ತದೆ, ಕೆಂಪು ಬಟ್ಟೆ ಸುತ್ತಿದರೆ ಯಾರೂ ಮುಟ್ಟುವುದಿಲ್ಲ ಎಂದು ಚಂಪಾ ತಾನೇ ಸುತ್ತಿಟ್ಟಿದ್ದಳು. ಜಾಣತನ ಮಾಡಲು ಹೋಗಿ ತಾನೇ ಸಿಕ್ಕಿಬಿದ್ದಳು.

"ಅತ್ತೆ, ಅದು..." ಎಂದು ಬಾಯಿ ತೆರೆದಳು.

"ಕಾಯಿ ಒಡೆದಾಯ್ತು. ಹರಕೆಯೂ ಹೇಳ್ಕೊಂಡಾಯ್ತು. ನೀನೇ ಓದು, ದೇವೂಗೆ ರಜೆ ಇಲ್ವಲ್ಲ." ಕಾಶಿ ದನಿ ಸ್ವಲ್ಪ ಇಳಿಸಿದಳು. "ಮಾಜಾಳಿಯ ಬೀರಾನ ಮಗಳನ್ನು ಮಂಗೇಶನಿಗೆ ತರೂದು ಹೇಳಿ ಆಗಿದೆ. ನೂಲಹುಣ್ಣಿಮೆ ಮುಗಿದ ಕೂಡ್ಲೇ ವೀಳ್ಯ. ಆ ಹುಡುಗಿ ಹೊಟ್ಟೆಯಾದರೂ ತಣ್ಣಗಿರಲಿ ಹೇಳಿ ಹರಕೆ."

ಎಂಥ ಮಾತು ನೋಡಿ! ಸವತಿಯ ಹೊಟ್ಟೆ ತಣ್ಣಗಿರಲಿ ಎಂಬ ಹರಕೆಗೆ ಪೋಥಿ ಓದಬೇಕಾದವಳು ಚಂಪಾ. ಅವಳು ತೀಸ್ರೆಯ ಬುಟ್ಟಿಯನ್ನು ಹೊಸ್ತಿಲಿನಾಚೆಯಿಂದಲೇ ಎತ್ತಿ ಪಕ್ಕದ ಮನೆಯ ತಿಮ್ಮಿಗೆ ಕೊಟ್ಟು ಬಂದಳು. ಕೈಕಾಲು ತೊಳೆದು ಮಣೆಯ ಹಿಂದೆ ಕೂತಳು. ನಿಜ ಮುಚ್ಚಿಟ್ಟೆನೆಂಬ ಭಯ ಒಂದು ಕಡೆ, ಹೇಳಿದರೆ ಪುಸ್ತಕ ಒಲೆಗೆ ಹೋಗುತ್ತದೆಂಬ ಭಯ ಇನ್ನೊಂದು ಕಡೆ. ಎರಡನೆಯದು ದೊಡ್ಡದಾಗಿತ್ತು.

ಮೊದಲ ದಿನವೇ ನಡುಮನೆ ತುಂಬಿತು. ತಿಮ್ಮಿ ಬಂದಳು, ಅವಳ ಸೊಸೆ ಬಂದಳು, ಮೀನು ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗುವ ಹೆಂಗಸರೆಲ್ಲ ಬಂದರು. ಮಳೆಗಾಲದಲ್ಲಿ ಅವರಿಗೂ ಬುಟ್ಟಿ ಖಾಲಿ. ಹರಿಶ್ಚಂದ್ರ ಕಂಬಕ್ಕೆ ಒರಗಿ ಕೂತ. ಮಂಗೇಶ ಬಾಗಿಲ ಬಳಿ ಬಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ತಗ್ಗಿಸಿಯೇ ಇದ್ದ.

ಚಂಪಾ ಓದಿದಳು. ವತ್ಸಲೆ ಎಂಬೊಬ್ಬಳು. ತಾಯಿಯಿಲ್ಲದವಳು. ಬೆಳಿಗ್ಗೆ ಎದ್ದು ಎಲ್ಲರಿಗಿಂತ ಮೊದಲು ನೀರು ತರುವವಳು, ಎಲ್ಲರ ಊಟವಾದ ಮೇಲೆ ತಳದ ಅನ್ನ ಉಣ್ಣುವವಳು.

"ಇವ್ಳು ಯಾವ ದೇವಿಯ ಅವತಾರ?" ಎಂದು ಕೇಳಿದಳು ತಿಮ್ಮಿ.

"ಕೇಳ್ತಾ ಹೋಗಿ, ಮುಂದೆ ಗೊತ್ತಾಗ್ತದೆ" ಎಂದಳು ಚಂಪಾ, ತಲೆ ಎತ್ತದೆ.

"ನೀರು ತರೂದು, ತಳ ಕೆರೆದು ಉಣ್ಣೂದು. ದೇವಿಗೂ ನಮ್ಮದೇ ಹಣೆಬರಹವಾ ಹಾಗಾರೆ?" ತಿಮ್ಮಿ ಗಲ್ಲಕ್ಕೆ ಕೈಯಿಟ್ಟಳು. ಯಾರೋ ನಕ್ಕರು. ಆದರೆ ಎದ್ದು ಹೋದವರು ಯಾರೂ ಇಲ್ಲ.

ಮನೆಯಲ್ಲಿ ಗಂಜಿ, ಹರಿವೆ ಸೊಪ್ಪಿನ ಸಾರು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಮರುದಿನವೂ ಅದೇ, ಅದರ ಮರುದಿನವೂ ಅದೇ.

"ದನಕ್ಕೆ ಹಾಕೂದನ್ನ ನಂಗೆ ಹಾಕ್ತೀರಿ" ಎಂದು ಹರಿಶ್ಚಂದ್ರ ಗೊಣಗಿದ. "ಒಂದು ಒಣ ಸುಂಗಟೆಯಾದ್ರೂ?"

"ಪೋಥಿ ಮುಗೀಲಿ" ಎಂದಳು ಕಾಶಿ.

"ಮುಗಿಯೂದು ಯಾವಾಗ?"

"ವತ್ಸಲೆಯ ಕಷ್ಟ ಮುಗಿದಾಗ."

ಹರಿಶ್ಚಂದ್ರ ಬಾಯಿ ಮುಚ್ಚಿಕೊಂಡು ಸೊಪ್ಪು ಉಂಡ. ಅವನಿಗೂ ವತ್ಸಲೆಯ ಚಿಂತೆ ಹತ್ತಿತ್ತು, ಹೇಳಿಕೊಳ್ಳಲು ನಾಚಿಕೆ. ಮೊನ್ನೆ ಬಾವಿಕಟ್ಟೆಯ ಬಳಿ ಚಂಪಾಳನ್ನು ನಿಲ್ಲಿಸಿ, "ಅವಳ ಗಂಡ ಮುಂದೆ ಸರಿಯಾಗ್ತನಾ?" ಎಂದು ಮೆಲ್ಲಗೆ ಕೇಳಿದ್ದ. ಚಂಪಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗನಿಗೆ ಎರಡನೆಯ ಹೆಣ್ಣು ಗೊತ್ತುಮಾಡಿ ಬಂದ ಮಾವ, ಪುಸ್ತಕದ ಗಂಡಸು ಸರಿಯಾಗಲೆಂದು ಹಾರೈಸುತ್ತಿದ್ದ!

ನಾಗರಪಂಚಮಿಯ ಮಾರನೆಯ ದಿನ ಆ ಅಧ್ಯಾಯ ಬಂತು. ವತ್ಸಲೆಗೆ ಮಕ್ಕಳಾಗಲಿಲ್ಲ. ಮನೆಗೆ ಎರಡನೆಯವಳು ಬಂದಳು. ಚಂಪಾ ಈ ಪುಟಗಳನ್ನು ಮೊದಲೂ ಎಷ್ಟೋ ಸಲ ಓದಿದ್ದಳು, ಆದರೆ ಗಟ್ಟಿಯಾಗಿ, ಮನೆಯವರೆಲ್ಲರ ಎದುರು ಓದಿರಲಿಲ್ಲ. ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದಳು: "ವತ್ಸಲೆ ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿ ಸವತಿಯ ಅಂಗೈಯಲ್ಲಿಟ್ಟಳು. ಕೊಡುವ ಕೈ ನಡುಗಲಿಲ್ಲ. ನಡುಗಿದ್ದು ತೆಗೆದುಕೊಂಡ ಆ ಎಳೆಯ ಕೈ."

ಕಾಶಿ ಥಟ್ಟನೆ ಎದ್ದಳು. ಓದು ನಡೆದಾಗ ಮಧ್ಯೆ ಏಳಬಾರದು ಎಂದು ಇಷ್ಟು ದಿನ ಎಲ್ಲರನ್ನೂ ಗದರಿಸುತ್ತಿದ್ದವಳು ಅವಳೇ. ಯಾರ ಮುಖವನ್ನೂ ನೋಡದೆ ಹಿತ್ತಿಲ ಬಾಗಿಲು ದಾಟಿ, ತಲೆಗೆ ಕೊಪ್ಪೆಯೂ ಇಲ್ಲದೆ ಮಳೆಗೆ ಹೋದಳು. ಚಂಪಾಗೆ ಗಾಬರಿಯಾಯಿತು. ಹರಿಶ್ಚಂದ್ರನ ಕಡೆ ನೋಡಿದರೆ ಅವನು ಮಾಡಿನ ಕಡೆ ನೋಡುತ್ತಿದ್ದ.

ಸಂಜೆ ಮಸಾಲೆ ಅರೆಯುವಾಗ ಚಂಪಾ ಕಾಯಿತುರಿ ಹಾಕುತ್ತ ಕೂತಳು. ಕಾಶಿ ಕಲ್ಲು ತಿರುಗಿಸುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

"ನಂಗೆ ಹದಿನಾಲ್ಕು ಆಗ" ಎಂದಳು ಇದ್ದಕ್ಕಿದ್ದ ಹಾಗೆ.

"ಯಾವಾಗ ಅತ್ತೆ?"

"ಈ ಮನೆಗೆ ಬಂದಾಗ. ಇಲ್ಲಿ ಒಬ್ಳು ಇದ್ಳು. ದುರ್ಗಿ ಹೇಳಿ. ನಿನ್ನ ಮಾವನ ಮೊದಲನೇ ಹೆಂಡತಿ."

ಚಂಪಾಳ ಕೈ ತುರಿಯಲ್ಲೇ ನಿಂತಿತು. ಐದು ವರ್ಷದಲ್ಲಿ ಈ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

"ಅವ್ಳಿಗೂ ಮಕ್ಕಳಿಲ್ಲ. ನಾ ಬಂದ ದಿನ ತಲೆ ಬಾಚಿ ಹೂ ಮುಡಿಸಿದ್ದು ಅವ್ಳೇ. ಅಕ್ಕಿ ಎಲ್ಲಿದೆ, ಉಪ್ಪು ಎಲ್ಲಿದೆ, ಇವ್ರಿಗೆ ಖಾರ ಎಷ್ಟು ಬೇಕು, ಎಲ್ಲ ಹೇಳ್ಕೊಟ್ಟು, ಪೆಟ್ಟಿಗೆ ಬೀಗದಕೈ ನನ್ನ ಕೈಲಿಟ್ಳು. ಮರುದಿನ ಬೆಳಿಗ್ಗೆ ತನ್ನ ಬುಟ್ಟಿ ತಲೆ ಮೇಲಿಟ್ಕೊಂಡು ಮಾಜಾಳಿಗೆ ಅಣ್ಣನ ಮನೆಗೆ ಹೋದ್ಳು. ಎದುರು ನಿಂತಿದ್ದವ್ಳು ನಾನು. ಎಲ್ಲಿಗೆ ಹೇಳಿ ಕೇಳ್ಲಿಲ್ಲ."

"ಆಮೇಲೆ?"

"ಆಮೇಲೆ ಎಂತ? ಮಂಗೇಶ ಹುಟ್ಟಿದ. ನಾ ಗೆದ್ದೆ ಹೇಳಿ ಊರೇ ಹೇಳ್ತು." ಕಾಶಿಯ ಕಣ್ಣಲ್ಲಿ ನೀರು ಬಂತು, ಮೆಣಸಿನ ಕೈಯಿಂದ ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. "ಅವ್ಳು ಉಂಡ್ಳಾ, ಬಿಟ್ಳಾ ಹೇಳಿ ಒಂದು ದಿನ ಕೇಳ್ಲಿಲ್ಲ ನಾನು. ನನ್ನ ಕೈ ನಡುಗಿದ್ದು ಆ ಪೋಥಿಗೆ ಹೇಗೆ ಗೊತ್ತಾಯ್ತೇ ಚಂಪಾ? ನಾ ಯಾರಿಗೂ ಹೇಳ್ಲಿಲ್ಲ, ದೇವರಾಣೆ."

ಚಂಪಾಗೆ ಆ ಕ್ಷಣವೇ ನಿಜ ಹೇಳಿಬಿಡಬೇಕೆನಿಸಿತು. ಇನ್ನೊಂದು ಹಿಡಿ ತುರಿ ಕಲ್ಲಿಗೆ ಹಾಕಿದಳು.

ಅವಳು ಹೇಳುವ ಮೊದಲೇ ಭಾನುವಾರ ದೇವಿದಾಸ ಬಂದ. ಕಾರವಾರದಿಂದ ಮೋಟಾರಿನಲ್ಲಿ ಅಂಕೋಲೆಗೆ, ಅಲ್ಲಿಂದ ಕೆಸರು ತುಳಿಯುತ್ತ ಬೆಳಂಬಾರಕ್ಕೆ. ಮೊಣಕಾಲ ತನಕ ಕೆಸರು, ತಲೆಯ ಮೇಲೆ ಮಾತ್ರ ಒಂದು ಚೂರೂ ನೆನೆಯದ ಕರಿ ಟೊಪ್ಪಿಗೆ. ತನ್ನ ಜಾಗದಲ್ಲಿ ಹೆಣ್ಣುಮಗಳು ಕೂತು ಪೋಥಿ ಓದುತ್ತಾಳೆಂದು ಅಂಕೋಲೆ ಪೇಟೆಯಲ್ಲೇ ಸುದ್ದಿ ಸಿಕ್ಕಿತ್ತು.

"ಯಾವ ಪೋಥಿ ಅದು? ಕೊಡು ಇಲ್ಲಿ" ಎಂದು ಕೈಗೆ ತೆಗೆದುಕೊಂಡ. ಮೊದಲ ಪುಟ ಬಿಡಿಸಿ, ಬೆಳಕಿಗೆ ಹಿಡಿದು, ಬೆರಳಿಟ್ಟು ಕೂಡಿಸತೊಡಗಿದ. "ಸಾ... ಮಾ... ಜಿಕ... ಕಾದಂಬರಿ." ಬೆರಳು ಕೆಳಗಿಳಿಯಿತು. "ಬರೆದವರು... ಶ್ರೀಮತಿ... ಬಾಯಿ, ಧಾರ... ವಾಡ. ಬಾಯಿ! ಅಣ್ಣಾ, ಇದು ಹೆಂಗಸಿನ ಹೆಸರು!"

"ಹೆಂಗಸಿನ ಹೆಸರು ಪೋಥಿಯಲ್ಲಿ ಎಂತಕ್ಕೆ?" ಎಂದ ಹರಿಶ್ಚಂದ್ರ.

"ಪೋಥಿ ಎಲ್ಲಿದೆ ಮಾರಾಯಾ? ಇದು ಕಟ್ಟುಕಥೆ! ಯಾವ್ಳೋ ಧಾರವಾಡದವ್ಳು ಕೂತು ಬರೆದದ್ದು. ಹೆಂಗಸಿನ ಕಥೆಗೆ ಕಾಯಿ ಒಡೆದು, ಹೂ ಹಾಕಿ, ಮೀನು ಬಿಟ್ಟು ಕೂತಿದ್ದೀರಿ! ಊರು ನಗಾಡ್ತದೆ!"

ಹರಿಶ್ಚಂದ್ರ ಎದ್ದು ನಿಂತ. ಅವನ ಕತ್ತಿನ ನರ ಉಬ್ಬಿತ್ತು. "ಹೌದನೇ ಚಂಪಾ?"

"ಹೌದು ಮಾವ."

"ಗೊತ್ತಿದ್ದೂ ಓದಿದ್ಯಾ?"

"ಗೊತ್ತಿದ್ದೂ ಓದಿದೆ." ಚಂಪಾ ಮಾವನನ್ನೇ ನೋಡಿ ಹೇಳಿದಳು. "ಹೇಳಿದ್ರೆ ಒಲೆಗೆ ಹಾಕ್ತಿದ್ರಿ."

"ಈಗ ಹಾಕ್ತೆ!" ಎಂದು ಅವನು ತಮ್ಮನ ಕೈಯಿಂದ ಪುಸ್ತಕ ಕಿತ್ತುಕೊಳ್ಳಲು ಹೋದ. ಮಧ್ಯೆ ಬಂದವಳು ಕಾಶಿ. ಇಬ್ಬರು ಗಂಡಸರ ನಡುವೆ ಕೈ ತೂರಿಸಿ ಪುಸ್ತಕವನ್ನು ಎದೆಗವಚಿಕೊಂಡಳು.

"ಹೆಂಗಸು ಬರೆದದ್ದಾ?" ಎಂದಳು, ಯಾರನ್ನೂ ಕೇಳಿದ ಹಾಗಲ್ಲ. "ಋಷಿಯಲ್ಲ, ಸಂತನಲ್ಲ, ಹೆಂಗಸಾ?" ಚಂಪಾಳ ಕಡೆ ತಿರುಗಿದಳು. "ಬದುಕಿದ್ದಾಳನೇ?"

"ಇದ್ದಾರೆ ಅತ್ತೆ. ನಮ್ಮ ಶಾಲೆ ಬಾಯಿಯವ್ರು ಅವರನ್ನು ನೋಡಿ ಮಾತಾಡಿ ಬಂದಿದ್ರು."

"ಉಣ್ತಾಳಾ? ನಮ್ಮ ಹಾಗೆ ಅನ್ನ ಬೇಯಿಸ್ತಾಳಾ?"

"ಬೇಯಿಸ್ತಾರೆ."

"ಅನ್ನ ಬೇಯಿಸಿ, ಪಾತ್ರೆ ತಿಕ್ಕಿ, ಆಮೇಲೆ ಇಷ್ಟು ಬರೆದ್ಲಾ! ಅಯ್ಯೋ ನನ್ನವ್ವಾ!" ಕಾಶಿ ಪುಟ ಬಿಡಿಸಿ ಅಕ್ಷರಗಳ ಮೇಲೆ ಬೆರಳಾಡಿಸಿದಳು, ತಲೆಕೆಳಗಾಗಿ ಹಿಡಿದಿದ್ದೇನೆಂಬುದೂ ಗೊತ್ತಿಲ್ಲದೆ. ಅವಳ ಕಣ್ಣುಗಳು ಇಷ್ಟಗಲವಾಗಿದ್ದವು. "ದೇವರಿಗಾದ್ರೆ ಎಲ್ಲ ಗೊತ್ತಿರ್ತದೆ, ಅದರಲ್ಲಿ ಎಂತ ದೊಡ್ಡದು? ಇವ್ಳು ಬೆಳಂಬಾರ ಕಂಡವಳಲ್ಲ, ನನ್ನನ್ನ ಕಂಡವಳಲ್ಲ. ನನ್ನ ಕೈ ನಡುಗಿದ್ದು ಬರೆದ್ಲಲ್ಲ!"

ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮಣೆಯ ಮೇಲೆ ತಿರುಗಿ ಇಟ್ಟಳು. "ಕಾಯಿ ಒಡೆದಾಗಿದೆ. ಓದು ನಿಲ್ಲೂದಿಲ್ಲ."

"ಓದಿ, ಓದಿ" ಎಂದು ದೇವಿದಾಸ ಟೊಪ್ಪಿಗೆ ಏರಿಸಿಕೊಂಡ. "ಆದ್ರೆ ಪೋಥಿಯ ರೀತಿ ನಂಗೂ ಗೊತ್ತಿದೆ ವೈನಿ. ಸಮಾಪ್ತಿಯ ದಿನ ಮನೆಯವ್ರು ಅಷ್ಟೂ ಜನ ಕೂತ್ಕೊಳ್ಳಬೇಕು. ಒಬ್ಬ ತಪ್ಪಿದ್ರೂ ಹರಕೆ ಸುಳ್ಳು. ನಾನಂತೂ ಬರೂದಿಲ್ಲ. ಏನ್ ಮಾಡ್ತೀರಿ ಮಾಡಿ."

ಅವನು ನೀರು ಕೂಡ ಕುಡಿಯದೆ ಬಂದ ದಾರಿಯಲ್ಲೇ ಹೋದ. ಹರಿಶ್ಚಂದ್ರ ಬಲೆಯ ಚಪ್ಪರಕ್ಕೆ ಹೋಗಿ ಕೂತ. ತಿಮ್ಮಿ ಮತ್ತು ಉಳಿದವರು ಬಾಯಿಗೆ ಸೆರಗು ಹಿಡಿದು ಚದುರಿದರು. ಇನ್ನು ಪೆಟ್ಟು ಬೀಳುವುದು ತನಗೆ ಎಂದು ಚಂಪಾ ಕಾದಳು. ಕಾಶಿ ಪುಸ್ತಕಕ್ಕೆ ಕೆಂಪು ಬಟ್ಟೆ ಸುತ್ತುತ್ತ, "ಮನೆಯವ್ರು ಅಷ್ಟೂ ಜನ" ಎಂದಳು. ಇನ್ನೊಂದು ಸಲ ಅದನ್ನೇ ಹೇಳಿದಳು. ಆಮೇಲೆ ಎದ್ದು ಒಲೆಗೆ ಸೌದೆ ಇಟ್ಟಳು.

ಮರುದಿನ ಬೆಳಿಗ್ಗೆ ಗಂಜಿ ಬಡಿಸಿ, ಒಂದು ಒಣ ಸೀರೆ ಬುಟ್ಟಿಯಲ್ಲಿಟ್ಟು, ಕಾಶಿ ಹೊರಟು ನಿಂತಳು.

"ಎಲ್ಲಿಗೆ?" ಎಂದ ಹರಿಶ್ಚಂದ್ರ.

"ಮಾಜಾಳಿಗೆ."

"ಬೀರಾನ ಮನೆಗಾ? ವೀಳ್ಯದ ಮಾತಿಗೆ ಗಂಡಸರು ಹೋಗ್ಬೇಕು."

"ವೀಳ್ಯಕ್ಕಲ್ಲ. ಈ ಮನೆಯವ್ಳು ಒಬ್ಳು ಅಲ್ಲಿದ್ದಾಳೆ. ಕರೆದುಕೊಂಡು ಬತ್ತೆ."

ಹರಿಶ್ಚಂದ್ರನ ಕೈಯ ಗಂಜಿ ಬಟ್ಟಲಿಗೆ ಮರಳಿ ಬಿತ್ತು. "ಕಾಳಿಹೊಳೆ ತುಂಬಿ ಹರೀತಿದೆ. ತಾರಿ ದೋಣಿ ಬಿಡ್ತಾರೋ ಇಲ್ವೋ" ಎಂದ.

"ಬಿಡೂ ತನಕ ದಂಡೆ ಮೇಲೆ ಕೂತಿರ್ತೆ" ಎಂದಳು ಕಾಶಿ.

ಚಂಪಾ ಕೈಯಲ್ಲಿ ಸೌಟು ಹಿಡಿದು ನೋಡುತ್ತಲೇ ಇದ್ದಳು. ಇದೇ ಅತ್ತೆ ಅಲ್ಲವೇ ತನ್ನ ಪೆಟ್ಟಿಗೆ ಕೆದಕಿದವಳು, ಸವತಿಗೆ ಹರಕೆ ಹೊತ್ತವಳು? ಆ ಹೆಂಗಸು ಬುಟ್ಟಿ ತಲೆಯ ಮೇಲಿಟ್ಟು, ಕೆಸರಿನಲ್ಲಿ ಕಾಲು ಜಾರದ ಹಾಗೆ ಬೆರಳೂರಿ, ಅಂಕೋಲೆಯ ದಾರಿ ಹಿಡಿದು ಹೋದಳು. ಪುಸ್ತಕದಲ್ಲಿ ಓದಿ ತಾನು ಅತ್ತಿದ್ದಳು, ಪುಟ ಮಡಚಿ ಬಟ್ಟೆ ಸುತ್ತಿಟ್ಟಿದ್ದಳು. ಇವಳು ಕೇಳಿ ಎದ್ದು ಹೊರಟೇಬಿಟ್ಟಳು!

ಕಾಶಿ ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಮನೆಯ ಕೆಲಸವೆಲ್ಲ ಚಂಪಾಳ ಮೇಲೆ. ಓದು ಮಾತ್ರ ನಿಲ್ಲಿಸಲಿಲ್ಲ. ಕೇಳುವವರು ಇರಲಿ ಇಲ್ಲದಿರಲಿ, ಮಧ್ಯಾಹ್ನ ಮಣೆಯ ಹಿಂದೆ ಕೂತು ಗಟ್ಟಿಯಾಗಿ ಓದಿದಳು. ಮೊದಲ ದಿನ ತಿಮ್ಮಿಯ ಸೊಸೆ ಒಬ್ಬಳೇ ಬಂದಳು. ಮಾರನೆಯ ದಿನ ಎಲ್ಲರೂ ಬಂದರು. "ಹೆಂಗಸು ಬರೆದದ್ದಂತೆ" ಎಂದು ತಿಳಿದು ಕೇರಿಯ ಆಚೆ ಕಡೆಯಿಂದಲೂ ಬಂದರು. ವತ್ಸಲೆ ಊರು ಬಿಟ್ಟಳು, ಪಟ್ಟಣ ಸೇರಿದಳು, ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಕಲಿತಳು. ತಿಮ್ಮಿ, "ಹಾಂ, ಹಾಗೆ!" ಎಂದು ನೆಲ ಗುದ್ದಿದಳು. ಹರಿಶ್ಚಂದ್ರ ಒಳಗೆ ಬರಲಿಲ್ಲ. ಆದರೆ ಚಪ್ಪರದಿಂದ ಎದ್ದು ಬಂದು ಗೋಡೆಯ ಆಚೆ ಬದಿಗೆ ಬೀಡಿ ಹಚ್ಚಿ ಕೂತಿದ್ದ. ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ಮಂಗೇಶ ಗಂಜಿ ಕಲಸುತ್ತ ಹೇಳಿದ, "ನಂಗೆ ಎರಡನೇದು ಬೇಕು ಹೇಳಿ ನಾ ಒಂದು ದಿನ ಕೇಳಿದ್ನಾ?"

"ಬೇಡ ಹೇಳಿಯೂ ಹೇಳ್ಲಿಲ್ಲ" ಎಂದಳು ಚಂಪಾ.

ಅವನು ಸೊಪ್ಪಿನ ಸಾರು ಇನ್ನೊಂದು ಸೌಟು ಹಾಕಿಸಿಕೊಂಡ. "ಆ ವತ್ಸಲೆಯ ಗಂಡನೂ ಹಾಗೇ ಸುಮ್ನೆ ಇದ್ದವ್ನು, ಅಲ್ವಾ?" ಎಂದ.

"ಹೌದು."

"ಥೂ" ಎಂದ ಮಂಗೇಶ. ಬೈದದ್ದು ಯಾರನ್ನು ಎಂದು ಚಂಪಾ ಕೇಳಲಿಲ್ಲ.

ನೂಲಹುಣ್ಣಿಮೆಯ ಬೆಳಿಗ್ಗೆ ಮಳೆ ಹೊಳವಾಯಿತು. ದಂಡೆಯಲ್ಲಿ ದೋಣಿಗಳ ಹೊದಿಕೆ ತೆಗೆದಿದ್ದರು, ಕೇರಿಯ ಮಕ್ಕಳು ಹೂ ಕಟ್ಟುತ್ತಿದ್ದರು. ಚಂಪಾ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ತಿಮ್ಮಿ ಕೂಗಿದ್ದು ಕೇಳಿಸಿತು. "ಬಂದ್ರು ಗೋ! ಇಬ್ರೂ ಬಂದ್ರು!"

ಕಾಶಿಯ ಹಿಂದೆ ಒಬ್ಬಳು ಎತ್ತರದ ಹೆಂಗಸು. ತಲೆ ಪೂರ್ತಿ ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಕಂಬದ ಹಾಗಾಗಿತ್ತು. ಅಂಗಳದಲ್ಲಿ ನಿಂತು ಮನೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮಾಡಿಗೆ ಹೊಸ ಹೆಂಚು ಹಾಕಿಸಿದ್ದೀರಿ" ಎಂದಳು.

ಹರಿಶ್ಚಂದ್ರ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದ. "ಬಾ" ಎಂಬಂತೆ ತಲೆ ಅಲ್ಲಾಡಿಸಿದ. ಚಂಪಾ ಓಡಿಹೋಗಿ ತಂಬಿಗೆ ನೀರು ತಂದು ಅವಳ ಕಾಲಿಗೆ ತಾನೇ ಸುರಿದಳು. ಹಿಮ್ಮಡಿ ಬಿರಿದು ಬಂಡೆಯಂತಾದ ಕಾಲು.

"ಓದುವವ್ಳು ನೀನೇ?" ಎಂದಳು ದುರ್ಗಿ. "ಈ ಕಾಶಿ ತಾರಿಯ ಮೇಲೆ ಕೂತು ಹೊಳೆ ದಾಟೂ ತನಕ ನನ್ನ ಕಿವಿ ಕೊರೆದ್ಲು. ವತ್ಸಲೆ, ವತ್ಸಲೆ, ವತ್ಸಲೆ! ಮೂವತ್ತು ವರ್ಷದ ಮೇಲೆ ಬಂದು ಕಾಲು ಹಿಡಿದವ್ಳು ನನ್ನ ಸುದ್ದಿ ಕೇಳೂದು ಬಿಟ್ಟು ಅವಳ ಸುದ್ದಿ ಹೇಳ್ತಾಳೆ, ನೋಡು!"

"ನಿನ್ನ ಸುದ್ದಿಯೇ ಅಕ್ಕಾ ಅದು" ಎಂದಳು ಕಾಶಿ.

ಮಧ್ಯಾಹ್ನ ದೇವಿದಾಸನೂ ಬಂದ. ಹಬ್ಬಕ್ಕೆ ಬಂದೆ, ಒಳಗೆ ಬರುವುದಿಲ್ಲ ಎಂದು ಅಂಗಳದಲ್ಲೇ ನಿಂತಿದ್ದ. ದುರ್ಗಿ ಬಾಗಿಲಿಗೆ ಬಂದು ನೋಡಿದಳು. "ದೇವೂ? ಮೂಗು ಸುರಿಸ್ತಾ ನನ್ನ ಸೆರಗು ಹಿಡ್ಕೊಂಡು ತಿರುಗ್ತಿದ್ದವ್ನು, ಟೊಪ್ಪಿಗೆ ಹಾಕಿದ್ಯಾ? ಒಳಗೆ ಬಾ, ಕೂತ್ಕೊ." ದೇವಿದಾಸ ಟೊಪ್ಪಿಗೆ ತೆಗೆದ. ಒಳಗೆ ಬಂದು, ಗೋಡೆಗೆ ಒತ್ತಿ, ತೆಪ್ಪಗೆ ಕೂತ. ಹರಿಶ್ಚಂದ್ರನೂ ಕಂಬಕ್ಕೆ ಒರಗಿ ಕೂತಿದ್ದ, ಮನೆಯವರು ಅಷ್ಟೂ ಜನ ಕೂತ ಹಾಗಾಯಿತು.

ಚಂಪಾ ಕೊನೆಯ ಅಧ್ಯಾಯ ತೆಗೆದಳು. ಸವತಿಯ ಮಗಳು ಬೆಳೆದು ವತ್ಸಲೆಯನ್ನು ಹುಡುಕಿಕೊಂಡು ಪಟ್ಟಣಕ್ಕೆ ಬರುತ್ತಾಳೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ನೀವು ನನ್ನ ಅಪ್ಪನ ಮೊದಲ ಹೆಂಡತಿಯೇ ಎಂದು ಕೇಳುತ್ತಾಳೆ. ಚಂಪಾ ಉಸಿರೆಳೆದು ಓದಿದಳು: "ವತ್ಸಲೆ ಕೈ ತೊಳೆದು ಒರೆಸಿಕೊಂಡಳು. ಇಂದು ಬೆಳಿಗ್ಗೆಯಿಂದ ಮೂರು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ, ಮಗೂ. ನಾನು ಯಾರ ಹೆಂಡತಿ ಎಂದು ಕೇಳಬೇಡ. ನಾನು ಯಾರು ಎಂದು ಕೇಳು, ಹೇಳುತ್ತೇನೆ, ಎಂದಳು."

ಅಷ್ಟೇ ಇತ್ತು. ಚಂಪಾ ಪುಸ್ತಕ ಮುಚ್ಚಿದಳು. ತಿಮ್ಮಿ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳುವುದನ್ನೂ ಮರೆತು.

"ಹಾಗೆ ಹೇಳ್ಬೇಕಿತ್ತು" ಎಂದಳು ದುರ್ಗಿ ಮೆಲ್ಲಗೆ. "ನಂಗೆ ಆಗ ಮಾತು ಸಿಕ್ಲಿಲ್ಲ. ಬುಟ್ಟಿ ತಕ್ಕೊಂಡು ಸುಮ್ನೆ ಹೋದೆ."

ಕಾಶಿ ಎದ್ದು ಮೊರದಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಕಣ ತಂದಳು. ಮಕ್ಕಳಿಲ್ಲದವಳಿಗೆ ಉಡಿ ತುಂಬುವ ರೂಢಿ ಆ ಕೇರಿಯಲ್ಲಿ ಇರಲಿಲ್ಲ. ಯಾರೋ ಹಿಂದಿನಿಂದ ಗುಸುಗುಸು ಎಂದರು. ಕಾಶಿ ಕಿವಿಗೆ ಹಾಕಿಕೊಳ್ಳದೆ ದುರ್ಗಿಯ ಎದುರು ಮೊಣಕಾಲೂರಿ ಅವಳ ಉಡಿ ತುಂಬಿದಳು. ಆಮೇಲೆ ಚಂಪಾಳ ಎದುರು ಬಂದು, ಅವಳ ಉಡಿಯನ್ನೂ ತುಂಬಿದಳು. ಚಂಪಾಗೆ ತಡೆಯಲಾಗಲಿಲ್ಲ, ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು.

ಹೊರಗೆ ದಂಡೆಯಿಂದ ಕರೆಯುತ್ತಿದ್ದರು, ಸಮುದ್ರಕ್ಕೆ ಕಾಯಿ ಕೊಡುವ ಹೊತ್ತಾಗಿತ್ತು. ಹರಿಶ್ಚಂದ್ರ ಏಳಲಿಲ್ಲ. ನೆಲ ನೋಡುತ್ತಲೇ, "ಮಾಜಾಳಿಗೆ ಎಂತ ಹೇಳಿ ಕಳಿಸೂದು?" ಎಂದ.

"ಬೇಡ ಹೇಳಿ" ಎಂದ ಮಂಗೇಶ. ದನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

"ಬೀರಾಗೆ ಮಾತು ಕೊಟ್ಟಾಗಿದೆ ರೇ. ಯಾವ ಮುಖ ಹೊತ್ತು ಹೋಗಿ ಹೇಳೂದು? ಯಾರು ಹೋಗೂದು?"

"ನಾ ಹೋಗ್ತೆ" ಎಂದಳು ದುರ್ಗಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಉಡಿಯ ಅಕ್ಕಿ ಚೆಲ್ಲದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಬೀರಾನ ಮನೆ ನನ್ನ ಅಣ್ಣನ ಮನೆಯ ಬೆನ್ನಿಗೇ. ಆ ಹುಡುಗಿಯನ್ನು ತೊಟ್ಟಿಲಲ್ಲಿದ್ದಾಗಿಂದ ಕಂಡಿದ್ದೆ, ನನ್ನ ಬುಟ್ಟಿಯಿಂದ ಒಣ ಬಂಗಡೆ ಕದ್ದು ತಿಂತದೆ. ಹೋಗಿ ಹೇಳ್ತೆ. ಬೆಳಂಬಾರದ ಹರಿಶ್ಚಂದ್ರನ ಮನೆಯಿಂದ ಬಂದಿದ್ದೆ, ಆ ಮನೆಯ ದೊಡ್ಡವ್ಳು ನಾನು, ನಮ್ಮ ಮನೆ ತುಂಬಿದೆ, ಅಲ್ಲಿ ಇನ್ನೊಬ್ಬಳಿಗೆ ಜಾಗ ಇಲ್ಲ ಹೇಳಿ."

ನಮ್ಮ ಮನೆ! ಚಂಪಾ ಮೈಯೆಲ್ಲ ಕಣ್ಣಾಗಿ ಅವಳನ್ನೇ ನೋಡಿದಳು. ಹರಿಶ್ಚಂದ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅವನನ್ನು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

"ಯಾವಾಗ ಹೋಗ್ತಿ ಅಕ್ಕಾ?" ಎಂದಳು ಕಾಶಿ, ಹೆದರುತ್ತ ಕೇಳಿದ ಹಾಗೆ. "ಇವತ್ತೇ ಹೋಗ್ತ್ಯಾ?"

"ಇವತ್ತು ಹೇಗೆ ಹೋಗೂದು?" ದುರ್ಗಿ ಕಾಲು ಚಾಚಿ ಗೋಡೆಗೆ ಒರಗಿ ಕೂತಳು. "ನೀವೆಲ್ಲ ಪೂರ್ತಿ ಕೇಳಿದ್ದೀರಿ, ನಾ ಕೇಳಿದ್ದು ಬಾಲ ಮಾತ್ರ. ಗಂಡಸರು ದಂಡೆಗೆ ಹೋಗಿ ಬರ್ಲಿ. ಚಂಪಾ, ಮೊದಲಿಂದ ಓದು ಮಗಾ."